ಟಿವಿಗೆ ಲೈಸೆನ್ಸ್ ಫೀ ಕಟ್ಟಬೇಕಾ? ಊರಿನ ಮನೆಗೆ ಒಂದು ಉತ್ತರ, ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ಮಗಳಿಗೆ ಇನ್ನೊಂದು

ತೀರ್ಥಹಳ್ಳಿ ಸುತ್ತಮುತ್ತ ಡಿಶ್ ಕೂರಿಸುವುದು, ಟಿವಿ ರಿಪೇರಿ ಮಾಡುವುದು ನನ್ನ ಕೆಲಸ. ಹಾಗಾಗಿ ಟಿವಿ ಅಂತ ಬರೆದಿರುವ ಯಾವ ಕಾಗದ ಬಂದರೂ ಜನ ನನ್ನ ಅಂಗಡಿಗೇ ತರುತ್ತಾರೆ. ಈಚೆಗೆ ಲೈಸೆನ್ಸ್ ಫೀ ವಿಚಾರ ಕೇಳುವವರು ಜಾಸ್ತಿ. ಕೆಲವರಿಗೆ ಮನೆಯ ಟಿವಿ ಚಿಂತೆ. ಇನ್ನು ಕೆಲವರು ವಾಟ್ಸಾಪ್ ತೆಗೆದು, ಇಂಗ್ಲೆಂಡಿನಲ್ಲೋ ಜರ್ಮನಿಯಲ್ಲೋ ಓದುತ್ತಿರುವ ಮಗಳು ಕಳಿಸಿದ ಫೋಟೊ ತೋರಿಸುತ್ತಾರೆ. "ಇದೆಂತ ಮಾರಾಯ, ಇವಳ ಹತ್ತಿರ ಟಿವಿಯೇ ಇಲ್ಲ, ದಂಡ ಹಾಕ್ತೀವಿ ಅಂತ ಬರೆದಿದ್ದಾರಲ್ಲ?" ಅಂತ ಕೇಳುತ್ತಾರೆ.

ಎರಡಕ್ಕೂ ಒಂದೇ ಉತ್ತರ ಇಲ್ಲ. ಮೊದಲು ನಮ್ಮೂರಿನದು ಮುಗಿಸೋಣ, ಅದು ಸುಲಭ.

ಭಾರತದಲ್ಲಿ ಮನೆಯಲ್ಲಿ ಟಿವಿ ಇಟ್ಟುಕೊಳ್ಳಲು, ನೋಡಲು ಯಾವ ಲೈಸೆನ್ಸೂ ಬೇಡ. ವರ್ಷಕ್ಕಿಷ್ಟು ಅಂತ ಸರ್ಕಾರಕ್ಕೆ ಕಟ್ಟುವ ಫೀಯೂ ಇಲ್ಲ. ಟಿವಿ ಒಂದಿರಲಿ, ನಾಲ್ಕಿರಲಿ.

ಹಾಗಾದರೆ ಈ ಮಾತು ಎಲ್ಲಿಂದ ಬಂತು? ಹಿಂದೆ ನಿಜವಾಗಿಯೂ ಇತ್ತು. 1885ರ ಟೆಲಿಗ್ರಾಫ್ ಕಾಯ್ದೆ ಇಟ್ಟುಕೊಂಡು ರೇಡಿಯೋಗೂ ಲೈಸೆನ್ಸ್ ಮಾಡಿದ್ದರು. ಅಂಚೆ ಕಚೇರಿಗೆ ಹೋಗಿ ರೇಡಿಯೋಗೆ ವರ್ಷಕ್ಕೆ 15 ರೂಪಾಯಿ, ಟಿವಿಗೆ 50 ರೂಪಾಯಿ ಕಟ್ಟಬೇಕಿತ್ತು. ಒಂದು ಪುಟ್ಟ ಪುಸ್ತಕ ಕೊಡುತ್ತಿದ್ದರು, ಕಟ್ಟಿದ ವರ್ಷಕ್ಕೆ ಅದರಲ್ಲಿ ಗುರುತು ಬೀಳುತ್ತಿತ್ತು. ಹಳೇ ಮನೆಗಳಲ್ಲಿ ಆಸ್ತಿ ಪತ್ರದ ಟ್ರಂಕಿನೊಳಗೆ ಈಗಲೂ ಸಿಗುತ್ತದೆ. ಗೆದ್ದಲು ತಿನ್ನದಿದ್ದರೆ ಜೋಪಾನವಾಗಿಟ್ಟುಕೊಳ್ಳಿ, ನೋಡಲು ಚಂದ. ಭದ್ರಾವತಿ ಆಕಾಶವಾಣಿ ಕೇಳಲು ದುಡ್ಡು ಕಟ್ಟಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ಲೈಸೆನ್ಸ್ ಅಂದರೆ ತಮಾಷೆಯಲ್ಲ ಅನ್ನುವುದು ಅದಕ್ಕೇ.

ಮನೆಗಳ ಮೇಲಿನ ಆ ಲೈಸೆನ್ಸ್ 1980ರ ದಶಕದ ಮಧ್ಯದಲ್ಲೇ ರದ್ದಾಯಿತು. ದೂರದರ್ಶನ, ಆಕಾಶವಾಣಿ ನಡೆಸುವ ಪ್ರಸಾರ ಭಾರತಿ 1997ರಲ್ಲಿ ಶುರುವಾಯಿತು. ಅದರ ಖರ್ಚು ನಡೆಯುವುದು ಸರ್ಕಾರ ಕೊಡುವ ಅನುದಾನದಿಂದ, ಜಾಹೀರಾತಿನಿಂದ. ಮನೆ ಮನೆಯಿಂದ ಎತ್ತುವುದಿಲ್ಲ.

ಆದ್ದರಿಂದ ಕುತ್ತಿಗೆಗೆ ಐಡಿ ಕಾರ್ಡ್ ಹಾಕಿಕೊಂಡು ಯಾರಾದರೂ ಅಂಗಳಕ್ಕೆ ಬಂದು "ಟಿವಿ ಲೈಸೆನ್ಸ್ ರಿನ್ಯೂವಲ್" ಅಂದರೆ ಕೊಡಬೇಡಿ. ಜಗಳವೂ ಬೇಡ. "ಯಾವ ಇಲಾಖೆ, ಯಾವ ಆದೇಶ, ನಂಬರ್ ಬರೆದುಕೊಡಿ, ಆಫೀಸಿಗೇ ಬಂದು ಕಟ್ಟುತ್ತೇವೆ" ಅನ್ನಿ. ಸಾಮಾನ್ಯವಾಗಿ ಅಲ್ಲಿಗೇ ಮಾತು ಮುಗಿಯುತ್ತದೆ. ಆಧಾರ್ ತೋರಿಸಬೇಡಿ, ಅವರು ಹಿಡಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಡಿ. ಫೋನಿನಲ್ಲಿ ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಆನ್‌ಲೈನ್ ಮೋಸದ ದೂರಿಗೆ ಇರುವ ಸರ್ಕಾರದ ನಂಬರ್ ಅದು. ಬೆಳಗ್ಗೆ ನೋಡೋಣ ಅಂತ ಮಲಗಿದರೆ ದುಡ್ಡು ಇನ್ನೊಬ್ಬರ ಖಾತೆಗೆ ದಾಟಿರುತ್ತದೆ.

ಮತ್ತೆ ತಿಂಗಳಾ ತಿಂಗಳಾ ಕಟ್ಟುವುದು ಎಂತದು?

ಅದು ವ್ಯಾಪಾರ. ಕೇಬಲ್‌ನವರಿಗೋ ಡಿಟಿಎಚ್ ಕಂಪನಿಗೋ ನೀವು ಕೊಡುವ ಬೆಲೆ. ಬೇಡ ಅಂದರೆ ನಿಲ್ಲಿಸಬಹುದು. ಹಳೇ ಬಾಕಿ ಉಳಿಸಿಕೊಳ್ಳದಿದ್ದರೆ ಯಾರೂ ಕೇಳುವುದಿಲ್ಲ.

ಬಿಲ್ ಕೈಗೆ ಬಂದರೆ ಮೂರು ಕಡೆ ಕಣ್ಣು ಹಾಯಿಸಿ. ಒಂದು, ಎನ್‌ಸಿಎಫ್. ಚಾನೆಲ್‌ಗಳನ್ನು ನಿಮ್ಮ ಮನೆಗೆ ಮುಟ್ಟಿಸುವುದಕ್ಕೆ ಇರುವ ಶುಲ್ಕ ಇದು. 2019ರಲ್ಲಿ ಟ್ರಾಯ್ (ಫೋನ್, ಟಿವಿ ಸೇವೆಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ) ನಿಯಮ ಬಂದಾಗ 100 ಚಾನೆಲ್‌ಗೆ 130 ರೂಪಾಯಿ ಮೇಲೆ ತಗೊಳ್ಳುವ ಹಾಗಿಲ್ಲ ಅಂತ ಇತ್ತು. 2020ರಲ್ಲಿ ಅದೇ 130ಕ್ಕೆ 200 ಚಾನೆಲ್ ಆಯಿತು. 2024ರಲ್ಲಿ ಆ ಮಿತಿಯನ್ನೇ ತೆಗೆದರು, ಈಗ ಕಂಪನಿಯವರೇ ಇಡುತ್ತಾರೆ. "130ಕ್ಕಿಂತ ಜಾಸ್ತಿ ತಗೊಳ್ಳೋದು ಕಾನೂನುಬಾಹಿರ" ಅನ್ನುವ ಹಳೇ ವಿಡಿಯೋ ಹಿಡಿದುಕೊಂಡು ಕೇಬಲ್ ಹುಡುಗನ ಮೇಲೆ ಎಗರಬೇಡಿ, ಪಾಪ. ಎರಡು, ದುಡ್ಡಿನ ಚಾನೆಲ್‌ಗಳ ಬೆಲೆ. ಬಿಡಿಯಾಗಿಯೂ ತಗೊಳ್ಳಬಹುದು, ಪ್ಯಾಕ್ ಆಗಿಯೂ ತಗೊಳ್ಳಬಹುದು. ಮೂರು, ಇವೆಲ್ಲದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಸರ್ಕಾರಕ್ಕೆ ಹೋಗುವುದು ಆ ತೆರಿಗೆ ಅಷ್ಟೇ, ಅದೂ ಟಿವಿ ಇದೆ ಅಂತಲ್ಲ, ಸೇವೆ ಕೊಂಡಿದ್ದಕ್ಕೆ.

ನನ್ನ ಅನುಭವದಲ್ಲಿ ದುಡ್ಡು ಸೋರುವುದು ಎರಡನೇ ಕಡೆಯಲ್ಲಿ. ಅಜ್ಜ ಅಜ್ಜಿ ಇಬ್ಬರೇ ಇರುವ ಮನೆ. ನೋಡುವುದು ಎರಡು ಧಾರಾವಾಹಿ, ಒಂದು ನ್ಯೂಸ್. ಪ್ಯಾಕಿನಲ್ಲಿ ತೆಲುಗು ಸಿನಿಮಾ, ಮಕ್ಕಳ ಕಾರ್ಟೂನು, ಇಂಗ್ಲಿಷ್ ಸ್ಪೋರ್ಟ್ಸು ಎಲ್ಲ ಇರುತ್ತದೆ. ನೋಡುವ ಚಾನೆಲ್‌ಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಆಪರೇಟರ್ ಕೈಗೆ ಕೊಡಿ. "ಇಷ್ಟು ಸಾಕು, ಇದಕ್ಕೆ ಎಷ್ಟು?" ಅಂತ ಕೇಳಿ. ಎರಡನೇ ಟಿವಿ ಇದ್ದರೆ ಅದರ ಎನ್‌ಸಿಎಫ್ ಎಷ್ಟು ಹಾಕಿದ್ದೀರಿ ಅಂತಲೂ ಕೇಳಿ, ಪೂರ್ತಿ ಹಾಕಿದ್ದರೆ ಕಡಿಮೆ ಮಾಡಲು ಹೇಳಿ. ಬಿಲ್ ಕೊಡುವುದೇ ಇಲ್ಲ, ಕೇಳಿದರೆ ಹಾರಿಕೆ ಉತ್ತರ ಕೊಡುತ್ತಾರೆ ಅಂದರೆ ಗ್ರಾಹಕರ ಸಹಾಯವಾಣಿ 1915 ಇದೆ.

ತಿಂಗಳ ದುಡ್ಡೇ ಬೇಡ ಅನ್ನುವವರಿಗೆ

ಡಿಡಿ ಫ್ರೀ ಡಿಶ್ ಹಾಕಿಸಿಕೊಳ್ಳಿ. 2004ರಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅನ್ನುವ ಹೆಸರಲ್ಲಿ ಶುರುವಾದದ್ದು. ಡಿಶ್, ಬಾಕ್ಸ್, ಎಲ್‌ಎನ್‌ಬಿ (ಡಿಶ್ಶಿನ ಮುಂದೆ ಸಿಗ್ನಲ್ ಹಿಡಿಯುವ ಪುಟ್ಟ ಡಬ್ಬಿ), ಕೇಬಲ್ ಎಲ್ಲ ಸೇರಿ ಒಂದೂವರೆ ಎರಡು ಸಾವಿರದ ಆಸುಪಾಸಿನಲ್ಲಿ ಒಂದು ಸಲ ಖರ್ಚು. ಆಮೇಲೆ ಏನೂ ಇಲ್ಲ. ಚಂದನ ಬರುತ್ತದೆ. ಫ್ರೀ ಡಿಶ್‌ಗೆ ರಿಚಾರ್ಜ್ ಮಾಡಿಸಿ ಅಂತ ಯಾರಾದರೂ ಫೋನ್ ಮಾಡಿದರೆ ಅದು ಕಳ್ಳ ಫೋನ್. ನಿಮಗೆ ಬೇಕಾದ ಖಾಸಗಿ ಕನ್ನಡ ಚಾನೆಲ್ ಇದೆಯೋ ಇಲ್ಲವೋ ಅಂತ ಮಾತ್ರ ಕೊಳ್ಳುವ ಮೊದಲೇ ನೋಡಿಕೊಳ್ಳಿ. ಪಟ್ಟಿ ಬದಲಾಗುತ್ತಾ ಇರುತ್ತದೆ. ಧಾರಾವಾಹಿ ಸಿಗದೆ ಅತ್ತೆ ಮುನಿಸಿಕೊಂಡರೆ ನನ್ನನ್ನು ಕೇಳಬೇಡಿ.

ನಮ್ಮ ಕಡೆ ಫ್ರೀ ಡಿಶ್ ಕೂರಿಸುವುದರಲ್ಲಿ ಒಂದೆರಡು ಸೂಕ್ಷ್ಮ ಇದೆ. ಅದರ ಸಿಗ್ನಲ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ, 93.5 ಡಿಗ್ರಿ ಪೂರ್ವದಲ್ಲಿದೆ. ಶಿವಮೊಗ್ಗ ಜಿಲ್ಲೆಯಲ್ಲಿ ನಿಂತರೆ ಅದು ಆಗ್ನೇಯ ದಿಕ್ಕು. ನೆಲದಿಂದ ಸುಮಾರು 63 ಡಿಗ್ರಿ ಮೇಲೆ, ಅಂದರೆ ಕುತ್ತಿಗೆ ಚೆನ್ನಾಗಿ ಎತ್ತಿದರೆ ಕಾಣುವ ಆಕಾಶ. ದೂರದ ಗುಡ್ಡ ಅಡ್ಡ ಬರುವುದಿಲ್ಲ, ಹೆದರಬೇಡಿ. ಅಡ್ಡ ಬರುವುದು ಮನೆಗೆ ಅಂಟಿಕೊಂಡಿರುವ ಹಲಸಿನ ಮರ, ಅಂಗಳದ ಪಕ್ಕದ ಅಡಿಕೆ ಮರ. ಡಿಶ್ ಇಡುವ ಜಾಗದಲ್ಲಿ ನಿಂತು ಆಗ್ನೇಯಕ್ಕೆ ಮುಖ ಮಾಡಿ ಮೇಲೆ ನೋಡಿ. ಎಲೆ ಕಂಡರೆ ಜಾಗ ಬದಲಿಸಿ. ಬೇಸಿಗೆಯಲ್ಲಿ ಎಲೆಯ ಸಂದಿಯಿಂದ ಹೇಗೋ ಸಿಗ್ನಲ್ ಸಿಗುತ್ತದೆ. ಜೂನ್ ಬಂದು ಎಲೆ ನೆನೆದರೆ ಹೋಯಿತು.

ಹೆಂಚಿನ ಮೇಲೆ ಕೂರಿಸಬೇಡಿ. ಮಂಗಗಳು ಬಂದು ಒಂದು ಸಲ ತೂಗಾಡಿದರೆ ಡಿಶ್ಶೂ ತಿರುಗುತ್ತದೆ, ಹೆಂಚೂ ಒಡೆಯುತ್ತದೆ. ಅಂಗಳದಲ್ಲಿ ಕಬ್ಬಿಣದ ಪೈಪ್ ಹುಗಿದು ಬುಡಕ್ಕೆ ಕಾಂಕ್ರೀಟ್ ಹಾಕಿಸಿ. ಎಲ್‌ಎನ್‌ಬಿಗೆ ಸಿಕ್ಕಿಸುವ ಜಾಗದಲ್ಲಿ ಕೇಬಲ್ ಸ್ವಲ್ಪ ಕೆಳಗೆ ಜೋತುಬಿದ್ದು ಮತ್ತೆ ಮೇಲಕ್ಕೆ ಹೋಗುವ ಹಾಗೆ ಬಿಡಿ. ನೀರು ಆ ಕೆಳಗಿನ ತುದಿಯಿಂದ ತೊಟ್ಟಿಕ್ಕುತ್ತದೆ, ಕನೆಕ್ಟರ್‌ಗೆ ಹೋಗುವುದಿಲ್ಲ. ಮಳೆಗಾಲ ಕಳೆದ ಮೇಲೆ ನನಗೆ ಬರುವ ಕರೆಗಳಲ್ಲಿ ಜಾಸ್ತಿ ಇದೇ, ತುಕ್ಕು ಹಿಡಿದ ಕನೆಕ್ಟರ್. ಜೋರು ಮಳೆ ಬರುವಾಗ ಚಿತ್ರ ನಿಲ್ಲುವುದು ಬೇರೆ. ಅದು ರಿಪೇರಿ ಅಲ್ಲ, ಮಳೆ ನಿಂತರೆ ಸರಿಯಾಗುತ್ತದೆ. ಏಪ್ರಿಲ್ ಮೇ ಗುಡುಗಿಗೆ ಮಾತ್ರ ಪ್ಲಗ್ಗೂ ಕೇಬಲ್ಲೂ ಎರಡೂ ಕಿತ್ತಿಡಿ.

ಹೋಂಸ್ಟೇ ನಡೆಸುವವರಿಗೆ ಒಂದು ಮಾತು. ರೂಮಿಗೊಂದು ಟಿವಿ ಇಟ್ಟು ಮನೆ ಕನೆಕ್ಷನ್ನನ್ನೇ ಎಳೆಯುವ ಮೊದಲು ಆಪರೇಟರ್‌ಗೆ ಹೇಳಿ, ಬರಹದಲ್ಲಿ ಒಪ್ಪಿಗೆ ತಗೊಳ್ಳಿ. ವ್ಯಾಪಾರಕ್ಕೆ ಬಳಸುವವರ ಲೆಕ್ಕ ಮನೆಯವರ ಲೆಕ್ಕಕ್ಕಿಂತ ಬೇರೆ ಇರಬಹುದು.

ಇನ್ನು ಇಂಗ್ಲೆಂಡಿನ ಕಾಗದ

ಇದನ್ನು ನಿಧಾನವಾಗಿ ಓದಿ. ತಪ್ಪು ತಿಳಿಯುವವರು ಇಲ್ಲೇ ಜಾಸ್ತಿ.

ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್, ಈ ನಾಲ್ಕೂ ಕಡೆ ಟಿವಿ ಲೈಸೆನ್ಸ್ ಇವತ್ತಿಗೂ ಕಾನೂನು. 2025ರ ಏಪ್ರಿಲ್‌ನಲ್ಲಿ ಅದು ವರ್ಷಕ್ಕೆ 174.50 ಪೌಂಡ್ ಆಗಿತ್ತು, ನಮ್ಮ ಲೆಕ್ಕದಲ್ಲಿ ಇಪ್ಪತ್ತು ಸಾವಿರದ ಆಸುಪಾಸು. ಏಪ್ರಿಲ್ ಬಂದಾಗ ಏರುವುದುಂಟು. ಮುಖ್ಯವಾಗಿ ಬಿಬಿಸಿ ನಡೆಯುವುದು ಈ ದುಡ್ಡಿನಲ್ಲಿ. ಲೈಸೆನ್ಸ್ ಬೇಕಾಗಿದ್ದರೂ ಕಟ್ಟದೆ ನೋಡಿದರೆ ಕೋರ್ಟು 1,000 ಪೌಂಡ್ ತನಕ ದಂಡ ಹಾಕಬಹುದು.

ಆದರೆ ಕಟ್ಟಬೇಕಾದ್ದು ಎಲ್ಲರೂ ಅಲ್ಲ. ಅಲ್ಲಿಯ ಕಾನೂನು ಕೇಳುವುದು "ಟಿವಿ ಇದೆಯಾ?" ಅಂತಲ್ಲ, "ಎಂತ ನೋಡ್ತೀರಿ?" ಅಂತ. ಯಾವ ಚಾನೆಲ್ ಆದರೂ ಸರಿ, ಪ್ರಸಾರ ಆಗುತ್ತಿರುವಾಗಲೇ ಲೈವ್ ಆಗಿ ನೋಡಿದರೆ ಅಥವಾ ರೆಕಾರ್ಡ್ ಮಾಡಿದರೆ ಲೈಸೆನ್ಸ್ ಬೇಕು. ಬಿಬಿಸಿ ಐಪ್ಲೇಯರ್‌ನಲ್ಲಿ, ಅಂದರೆ ಬಿಬಿಸಿ ಕಾರ್ಯಕ್ರಮಗಳನ್ನು ಇಂಟರ್ನೆಟ್‌ನಲ್ಲಿ ನೋಡುವ ಆ್ಯಪಿನಲ್ಲಿ, ಲೈವ್ ಅಲ್ಲದ್ದನ್ನು ನೋಡಿದರೂ ಬೇಕು. ಟಿವಿಯಲ್ಲೇ ನೋಡಬೇಕು ಅಂತಿಲ್ಲ. ಲ್ಯಾಪ್‌ಟಾಪು, ಫೋನು ಎಲ್ಲ ಒಂದೇ.

ನೆಟ್‌ಫ್ಲಿಕ್ಸ್‌ನಲ್ಲಿ ಸಿನಿಮಾ, ಯೂಟ್ಯೂಬ್‌ನಲ್ಲಿ ಹಳೇ ಯಕ್ಷಗಾನ ನೋಡಿದರೆ ಬೇಡ. ಗೋಡೆಯ ಮೇಲೆ ದೊಡ್ಡ ಟಿವಿ ಇದ್ದರೂ ಬೇಡ.

ನಮ್ಮ ಮಕ್ಕಳು ಎಡವುವುದು ಇಲ್ಲಿ. "ಬಿಬಿಸಿ ನೋಡೋದೇ ಇಲ್ಲ, ನಮ್ಮ ಕನ್ನಡ ನ್ಯೂಸ್ ಅಷ್ಟೇ" ಅನ್ನುತ್ತಾರೆ. ಆ ಕನ್ನಡ ನ್ಯೂಸ್ ಚಾನೆಲ್ಲನ್ನೇ ಆ್ಯಪಿನಲ್ಲಿ ಲೈವ್ ಹಾಕಿದರೆ ಅದೂ ಲೈವ್ ಟಿವಿಯೇ. ಚಾನೆಲ್ ಯಾವ ದೇಶದ್ದು ಅನ್ನುವುದು ಲೆಕ್ಕಕ್ಕಿಲ್ಲ. ಐಪಿಎಲ್ ಮ್ಯಾಚ್ ಚಾನೆಲ್ಲಿನಲ್ಲಿ ಬರುವಾಗ ಲೈವ್ ನೋಡಿದರೂ ಹಾಗೇ. ರಾತ್ರಿ ಅದರ ಹೈಲೈಟ್ಸ್ ಯೂಟ್ಯೂಬ್‌ನಲ್ಲಿ ನೋಡಿದರೆ ಬೇಡ.

ವಿದ್ಯಾರ್ಥಿಗಳಿಗೆ ಒಂದು ರಿಯಾಯಿತಿ ಇದೆ ಅಂತ ಅವರ ಸ್ನೇಹಿತರು ಹೇಳಿರುತ್ತಾರೆ. ಲ್ಯಾಪ್‌ಟಾಪನ್ನು ಕರೆಂಟಿಗೆ ಸಿಕ್ಕಿಸದೆ ಬರೀ ಬ್ಯಾಟರಿಯಲ್ಲಿ ನೋಡಿದರೆ ಬೇರೆ ಲೈಸೆನ್ಸ್ ಬೇಡ ಅಂತ. ನಿಜ. ಆದರೆ ಅಪ್ಪ ಅಮ್ಮನ ಮನೆಗೆ ಲೈಸೆನ್ಸ್ ಇದ್ದರೆ ಮಾತ್ರ, ಆ ಮನೆಯ ಲೈಸೆನ್ಸ್ ಮಕ್ಕಳನ್ನೂ ಕಾಯುತ್ತದೆ. ನಮ್ಮ ಮಕ್ಕಳ ಅಪ್ಪ ಅಮ್ಮನ ಮನೆ ಇಲ್ಲೇ ತೀರ್ಥಹಳ್ಳಿ ಹತ್ತಿರದ ಮೇಳಿಗೆಯಲ್ಲಿದೆ. ಅಲ್ಲಿಗೆ ಬ್ರಿಟಿಷ್ ಲೈಸೆನ್ಸ್ ಎಲ್ಲಿಂದ ತರೋದು? ಹಾಗಾಗಿ ಈ ರಿಯಾಯಿತಿ ಇಂಗ್ಲಿಷ್ ಮಕ್ಕಳಿಗೆ, ನಮ್ಮವರಿಗಲ್ಲ.

ಮನೆ ಹಂಚಿಕೊಂಡು ಇರುವವರು ಬಾಡಿಗೆ ಕರಾರು ತೆಗೆದು ನೋಡಲಿ. ಎಲ್ಲರೂ ಸೇರಿ ಒಂದೇ ಕರಾರಿಗೆ ಸಹಿ ಹಾಕಿದ್ದರೆ ಇಡೀ ಮನೆಗೆ ಸಾಮಾನ್ಯವಾಗಿ ಒಂದು ಲೈಸೆನ್ಸ್ ಸಾಕು, ಎಲ್ಲರೂ ದುಡ್ಡು ಹಾಕಿಕೊಳ್ಳಬಹುದು. ಕೋಣೆಗೊಂದು ಕರಾರು ಇದ್ದರೆ ಅವರವರ ಕೋಣೆಗೆ ಅವರವರದೇ. ಹಾಸ್ಟೆಲ್‌ನ ಕಾಮನ್ ರೂಮಿಗೆ ಕಾಲೇಜಿನವರು ತೆಗೆಸಿರುವ ಲೈಸೆನ್ಸ್ ಕೋಣೆಯೊಳಕ್ಕೆ ಬರುವುದಿಲ್ಲ.

ಈಗ ಆ ಕಾಗದ. ಮೇಲೆ ಹೆಸರೇ ಇರುವುದಿಲ್ಲ, "ಲೀಗಲ್ ಆಕ್ಯುಪೈಯರ್" ಅಂತ ಇರುತ್ತದೆ. ಅಂದರೆ ಈ ವಿಳಾಸದಲ್ಲಿ ಲೈಸೆನ್ಸ್ ಇಲ್ಲ, ಯಾರಿದ್ದೀರೋ ಉತ್ತರ ಕೊಡಿ ಅಂತ. ದಂಡ ಬಿತ್ತು ಅಂತ ಅರ್ಥ ಅಲ್ಲ. ಮಗಳು ಲೈವ್ ನೋಡುವುದೇ ಇಲ್ಲ, ಐಪ್ಲೇಯರ್ ತೆಗೆಯುವುದೇ ಇಲ್ಲ ಅಂದರೆ ಈ ದುಡ್ಡು ವಸೂಲಿ ಮಾಡುವ ಟಿವಿ ಲೈಸೆನ್ಸಿಂಗ್‌ನ ಅಧಿಕೃತ ಜಾಲತಾಣಕ್ಕೆ ಹೋಗಿ "ಲೈಸೆನ್ಸ್ ಬೇಡ" ಅನ್ನುವ ಫಾರಂ ತುಂಬಬಹುದು. ತುಂಬಲೇಬೇಕು ಅಂತ ಕಾನೂನಿಲ್ಲ. ತುಂಬಿದರೆ ಕಾಗದಗಳ ಕಾಟ ಸ್ವಲ್ಪ ಕಾಲ ತಪ್ಪುತ್ತದೆ, ನಾನಂತೂ ತುಂಬಿಬಿಡಿ ಅನ್ನುತ್ತೇನೆ. ಸುಳ್ಳು ಮಾತ್ರ ಬರೆಯಬಾರದು.

ಅವರ ಕಡೆಯವರು ಬಾಗಿಲಿಗೂ ಬರಬಹುದು. ವಾರಂಟ್ ಇಲ್ಲದೆ ಒಳಗೆ ಬರುವ ಹಕ್ಕು ಅವರಿಗಿಲ್ಲ. ಬಾಗಿಲಲ್ಲೇ ಮರ್ಯಾದೆಯಿಂದ ಮಾತಾಡಿ ಕಳಿಸಬಹುದು. ನಮ್ಮ ಮಕ್ಕಳು ಮನೆಗೆ ಯಾರು ಬಂದರೂ "ಬನ್ನಿ, ಕೂತ್ಕೊಳ್ಳಿ" ಅನ್ನುವವರು, ಅದಕ್ಕೇ ಹೇಳಿದೆ.

ಲೈಸೆನ್ಸ್ ತಗೊಂಡವರು ಕೋರ್ಸ್ ಮುಗಿಸಿ ಊರಿಗೆ ಹೊರಡುವಾಗ ಅದನ್ನು ರದ್ದು ಮಾಡಿಸಬೇಕು. ಉಳಿದ ಪೂರ್ತಿ ತಿಂಗಳುಗಳ ದುಡ್ಡು ವಾಪಸ್ ಕೇಳಬಹುದು. ವಿಮಾನ ಹತ್ತುವ ಗಡಿಬಿಡಿಯಲ್ಲಿ ಇದನ್ನು ಮರೆಯುವವರೇ ಜಾಸ್ತಿ.

ಜರ್ಮನಿ ಇನ್ನೊಂದು ತರ

ಇಂಗ್ಲೆಂಡಿನ ನಿಯಮ ತಿಳಿದುಕೊಂಡು ಜರ್ಮನಿಗೆ ಅದನ್ನೇ ಹೇಳಿದರೆ ಕೆಟ್ಟಿರಿ. ಅಲ್ಲಿ ಟಿವಿ ಇಲ್ಲ, ರೇಡಿಯೋ ಇಲ್ಲ, ಏನೂ ನೋಡುವುದಿಲ್ಲ ಅಂದರೂ ಕಟ್ಟಬೇಕು. 2013ರಿಂದ ಈ ದುಡ್ಡು ಬೀಳುವುದು ಟಿವಿಗಲ್ಲ, ವಾಸದ ಮನೆಗೆ. ನಮ್ಮ ಮನೆ ಕಂದಾಯದ ಹಾಗೆ ಅಂದುಕೊಳ್ಳಿ. ತಿಂಗಳಿಗೆ 18.36 ಯೂರೋ, ಸಾಮಾನ್ಯವಾಗಿ ಮೂರು ತಿಂಗಳದ್ದು ಸೇರಿಸಿ 55.08 ಕೇಳುತ್ತಾರೆ. ಜನ ಕೋರ್ಟಿಗೂ ಹೋದರು. 2018ರಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯ ಈ ಪದ್ಧತಿ ಸರಿ ಅಂತಲೇ ಹೇಳಿತು, ಒಬ್ಬರಿಗೇ ಎರಡು ಮನೆ ಇದ್ದರೆ ಎರಡು ಸಲ ವಸೂಲಿ ಬೇಡ ಅಂತ ಮಾತ್ರ ತಿದ್ದಿತು.

ಮಗ ಅಲ್ಲಿ ಇಳಿದು ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಿದ ಸ್ವಲ್ಪ ದಿನಕ್ಕೆ ಈ ದುಡ್ಡು ವಸೂಲಿ ಮಾಡುವ ಬೈಟ್ರಾಗ್‌ಸರ್ವಿಸ್ ಅನ್ನುವವರಿಂದ ಜರ್ಮನ್ ಭಾಷೆಯ ಕಾಗದ ಬರುತ್ತದೆ. ಜಾಹೀರಾತು ಅಂತ ಎಸೆಯುತ್ತಾರೆ. ಎಸೆದರೆ ಬಾಕಿ ಬೆಳೆಯುತ್ತಾ ಹೋಗುತ್ತದೆ, ಮೇಲೆ ತಡದ ದಂಡ. ಮೊದಲು ಮಾಡಬೇಕಾದ್ದು ಮನೆಯಲ್ಲಿ ಜೊತೆಗಿರುವವರನ್ನು ಕೇಳುವುದು. ಒಂದು ಮನೆಗೆ ಒಂದೇ ಸಲ. ಮೊದಲಿಂದ ಇರುವವನು ಕಟ್ಟುತ್ತಿದ್ದರೆ ಅವನ ಬೈಟ್ರಾಗ್ ನಂಬರ್ ತಗೊಂಡು ಉತ್ತರದಲ್ಲಿ ಬರೆದರೆ ಸಾಕು. ತನ್ನ ಪಾಲನ್ನು ಅವನ ಕೈಗೆ ಕೊಟ್ಟರಾಯಿತು. ಹಾಸ್ಟೆಲ್‌ನಲ್ಲಿ ಸಾರ್ವಜನಿಕ ಕಾರಿಡಾರಿಗೆ ಬಾಗಿಲು ತೆರೆಯುವ ಒಂಟಿ ಕೋಣೆಯಾದರೆ ಅದನ್ನೇ ಒಂದು ಮನೆ ಅಂತ ಎಣಿಸುತ್ತಾರೆ. ಬಾಫೊಗ್ ಅನ್ನುವ ಸರ್ಕಾರಿ ವಿದ್ಯಾರ್ಥಿ ನೆರವು ಪಡೆಯುವವರಿಗೆ ವಿನಾಯಿತಿ ಇದೆ, ನಮ್ಮಿಂದ ಹೋದವರಿಗೆ ಸಾಮಾನ್ಯವಾಗಿ ಆ ನೆರವು ಇರುವುದಿಲ್ಲ.

ದೇಶ ಬಿಟ್ಟು ಬರುವಾಗ ನಗರದ ಕಚೇರಿಯಲ್ಲಿ ಹೆಸರು ತೆಗೆಸಿದರೆ ಮುಗಿಯಿತು ಅಂದುಕೊಳ್ಳಬಾರದು. ಬೈಟ್ರಾಗ್‌ಸರ್ವಿಸ್‌ಗೂ ಬೇರೆಯಾಗಿ ತಿಳಿಸಿ, ಅವರು ಕೊಡುವ ಉತ್ತರದ ಪಿಡಿಎಫ್ ಇಟ್ಟುಕೊಳ್ಳಬೇಕು.

ಬೇರೆ ದೇಶಗಳದ್ದು ಬೇಗ ಹೇಳಿಬಿಡುತ್ತೇನೆ. ಐರ್ಲೆಂಡ್‌ನಲ್ಲಿ ಟಿವಿ ಸೆಟ್ ಇದ್ದರೆ ವರ್ಷಕ್ಕೆ 160 ಯೂರೋ, ಕೆಟ್ಟು ಕೂತ ಟಿವಿಯಾದರೂ ಬಿಡುವುದಿಲ್ಲ. ಬರೀ ಲ್ಯಾಪ್‌ಟಾಪ್, ಫೋನ್‌ಗೆ ಬೇಡ. ಫ್ರಾನ್ಸ್ 2022ರಲ್ಲಿ ತೆಗೆದುಹಾಕಿತು. ಆಸ್ಟ್ರೇಲಿಯಾದಲ್ಲಿ 1974ರಲ್ಲೇ ಹೋಯಿತು. ಅಮೆರಿಕದಲ್ಲಿ ಇರಲೇ ಇಲ್ಲ.

ನನಗೆ ಫೋಟೊ ಕಳಿಸುವವರು ಇಷ್ಟು ಮಾಡಿ. ಕಾಗದದ ಎರಡೂ ಬದಿ ತೆಗೆಯಿರಿ, ಮುಂದಿನ ಬದಿ ಮಾತ್ರ ಬಂದರೆ ದಂಡದ ಸಾಲು ಕಾಣುತ್ತದೆ, ಏನು ಮಾಡಬೇಕು ಅನ್ನುವ ಸಾಲು ಹಿಂದೆ ಉಳಿಯುತ್ತದೆ. ಯಾವ ದೇಶ, ಯಾವ ತಾರೀಕು, ಬಾಡಿಗೆ ಕರಾರಿನಲ್ಲಿ ಎಷ್ಟು ಹೆಸರಿದೆ ಅಂತ ಬರೆಯಿರಿ. ಇಮೇಲ್‌ನಲ್ಲಿ ಬಂದಿದ್ದರೆ ಅದರೊಳಗಿನ ಲಿಂಕ್ ಒತ್ತಬೇಡಿ. ಟಿವಿ ಲೈಸೆನ್ಸ್ ಹೆಸರಲ್ಲಿ ಕಳ್ಳ ಇಮೇಲ್‌ಗಳು ಅಲ್ಲಿ ತುಂಬಾ ಓಡಾಡುತ್ತವೆ, ವಿಳಾಸವನ್ನು ಕೈಯಲ್ಲೇ ಟೈಪ್ ಮಾಡಿ ಹೋಗಲಿ. ಪಾಸ್‌ಪೋರ್ಟ್ ಫೋಟೊ ನನಗೂ ಕಳಿಸಬೇಡಿ, ಯಾರಿಗೂ ಬೇಡ. ಕರೆ ಮಾಡುವುದಾದರೆ ಸಂಜೆ ಆರರ ಮೇಲೆ ಮಾಡಿ, ಹಗಲೆಲ್ಲ ಯಾರದೋ ಮಾಡಿನ ಮೇಲೆ ಇರುತ್ತೇನೆ.